ಹಗೇವಿನಲ್ಲಿ ಉಳಿದ ರಾಣಿ

೨೦೨೧ ಮಾರ್ಚ್ ೯, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಅಮೆರಿಕದ ಕ್ಯಾರಿ ಎಂಬ ಊರಿನ ನಮ್ಮ ಮನೆಯ ಮಲಗುವ ಕೋಣೆಯಲ್ಲಿ, ಹಾಸಿಗೆಯ ಮೇಲೆ ಎರಡು ಪುಸ್ತಕ ಇಟ್ಟುಕೊಂಡು ನಿಂತಿದ್ದೆ. ಒಂದು ಕದಂಬರ ಕಾಲದ ಕಾದಂಬರಿ, ಇನ್ನೊಂದು ವಿಜಯನಗರದ ಕೊನೆಯ ವರ್ಷಗಳದ್ದು. ಮುಂದೆ ಯಾವುದನ್ನು ಓದುವುದು ಎಂದು ತೀರ್ಮಾನವಾಗಿರಲಿಲ್ಲ. ಆಗ ಕಾಲಿನ ಮೇಲೆ ಬೆಚ್ಚಗೆ ಏನೋ ಇಳಿಯಿತು. ಬಗ್ಗಿ ನೋಡಿದೆ. ರಕ್ತ.

ನನಗೆ ಆಗ ಇಪ್ಪತ್ತೇಳು ವರ್ಷ. ಹೊಟ್ಟೆಯಲ್ಲಿದ್ದ ಮಗುವಿಗೆ ಅಂದಿಗೆ ಸರಿಯಾಗಿ ಇಪ್ಪತ್ತೇಳು ವಾರ. ಎರಡು ಸಂಖ್ಯೆಯೂ ಒಂದೇ ಎಂದು ಆ ಬೆಳಿಗ್ಗೆಯಷ್ಟೇ ಡೈರಿಯಲ್ಲಿ ಖುಷಿಯಿಂದ ಬರೆದಿದ್ದೆ.

ಕೆಳಗಿನ ಕೋಣೆಯಲ್ಲಿ ನನ್ನ ಗಂಡ ಆಫೀಸಿನ ಮೀಟಿಂಗಿನಲ್ಲಿದ್ದ. ಅವನ ಕಂಪನಿ ಇರುವುದು ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಾದರೂ ಕೋವಿಡ್ ಶುರುವಾದಾಗಿನಿಂದ ಅದು ನಮ್ಮ ಊಟದ ಮೇಜಿಗೆ ಬಂದು ಕೂತಿತ್ತು. ನಾನು ಕೂಗಿದ ರೀತಿಗೆ ಅವನು ಮೀಟಿಂಗನ್ನು ಹಾಗೇ ಬಿಟ್ಟು ಓಡಿ ಬಂದ. ಒಂದು ಚೀಲಕ್ಕೆ ನನ್ನ ಬಟ್ಟೆ, ಚಾರ್ಜರ್, ಡೈರಿ ಮತ್ತು ಕೈಗೆ ಸಿಕ್ಕಿದ ಒಂದು ಪುಸ್ತಕವನ್ನು ತುರುಕಿದ.

"ಎಲ್ಲಾ ಸರಿ ಹೋಗುತ್ತೆ, ನೀನು ಮಾತಾಡ್ಬೇಡ, ನಾನು ಡ್ರೈವ್ ಮಾಡ್ತೀನಿ," ಎಂದು ಆಸ್ಪತ್ರೆ ಇದ್ದ ಡರ್ಹಮ್‌ವರೆಗೂ ಅವನೇ ಮಾತಾಡಿದ.

ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಹಾಳೆಯ ಮೇಲೆ ಚಿತ್ರ ಬಿಡಿಸಿ ತೋರಿಸಿದರು. ಮಗುವಿಗೆ ಆಹಾರ ಒದಗಿಸುವ ಮಾಸು ಇರಬೇಕಾದ ಜಾಗದಲ್ಲಿರದೆ ಗರ್ಭಕೋಶದ ಬಾಯಿಗೆ ಅಡ್ಡ ಕೂತಿದೆ. ರಕ್ತ ಮತ್ತೆ ಹೋಗಬಹುದು, ಹೋಗದೆಯೂ ಇರಬಹುದು. ಜೋರಾಗಿ ಹೋದರೆ ಕೂಡಲೇ ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬೇಕು. ಹಾಗಾಗಿ ಮಗು ಹುಟ್ಟುವವರೆಗೆ ನಾನು ಇಲ್ಲೇ ಇರಬೇಕು. "ಒಳಗಿರುವ ಒಂದೊಂದು ದಿನವೂ ಮಗುವಿಗೆ ಲಾಭ," ಎಂದರು. ನಾನು ಡೈರಿ ತೆಗೆದು ಒಂದು ಗೆರೆ ಎಳೆದು 'ದಿನ ೧' ಎಂದು ಬರೆದೆ.

ಲೆಕ್ಕ ಇಡುವುದು ನನಗೆ ಹೈಸ್ಕೂಲಿನಿಂದಲೂ ಇರುವ ಚಾಳಿ. ಓದಿದ ಪ್ರತಿ ಐತಿಹಾಸಿಕ ಕಾದಂಬರಿಗೂ ಡೈರಿಯ ಹಿಂದಿನ ಪುಟಗಳಲ್ಲಿ ಒಂದು ಸಾಲು ಇರುತ್ತದೆ: ಯಾವ ರಾಜವಂಶ, ಎಷ್ಟು ಪುಟ, ಶುರು ಮಾಡಿದ ದಿನ, ಮುಗಿಸಿದ ದಿನ. ಮುಂದಿನದನ್ನು ಆರಿಸಲು ಮೂರು ನಿಯಮ ಮಾಡಿಕೊಂಡಿದ್ದೆ. ಒಂದೇ ವಂಶದ್ದನ್ನು ಬೆನ್ನುಬೆನ್ನಿಗೆ ಓದಬಾರದು. ದಪ್ಪ ಪುಸ್ತಕ ಆದ ಮೇಲೆ ತೆಳ್ಳಗಿನದು. ಏನೇ ಆದರೂ ಕೊನೆಯ ಪುಟವನ್ನು ಮೊದಲು ನೋಡಬಾರದು. "ಈ ವಾರ ಯಾವ ರಾಜನ ಸರದಿ?" ಎಂದು ಗಂಡ ಕಿಚಾಯಿಸುತ್ತಿದ್ದ. "ಹೊಯ್ಸಳರು ಹೋದ್ರಾ? ಪಾಪ, ಒಳ್ಳೇ ಜನ." ನನಗೆ ಬೇಸರವಾಗುತ್ತಿರಲಿಲ್ಲ. ಎಂಟು ನೂರು ವರ್ಷದ ಹಿಂದಿನ ಬೀದಿಯಲ್ಲಿ ಯಾರು ಏನು ಮಾರುತ್ತಿದ್ದರು, ಕೋಟೆಯ ಬಾಗಿಲು ಮುಚ್ಚುವಾಗ ಯಾವ ಸದ್ದಾಗುತ್ತಿತ್ತು ಎಂದು ಓದುತ್ತಿದ್ದರೆ ಸುತ್ತಲಿನ ಕ್ಯಾರಿಯ ಒಂದೇ ಥರದ ಮನೆಗಳ ಸಾಲು ಮರೆತು ಹೋಗುತ್ತಿತ್ತು.

ಗಂಡ ಚೀಲಕ್ಕೆ ಹಾಕಿದ್ದು ಕದಂಬರ ಕಾಲದ ಪುಸ್ತಕ. ಆಸ್ಪತ್ರೆಯ ಎರಡನೆಯ ದಿನ ಅದನ್ನು ತೆರೆದೆ. ಎರಡನೆಯ ಅಧ್ಯಾಯದಲ್ಲೇ ಸಾಮಂತನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಬರೆದವರು ಅದಕ್ಕೆ ಕೊಟ್ಟದ್ದು ಅರ್ಧ ಪುಟ. ಸಾಮಂತ ಕುದುರೆ ಹತ್ತಿ ಯುದ್ಧಕ್ಕೆ ಹೋದ.

ಪುಸ್ತಕ ಮುಚ್ಚಿ ದಿಂಬಿನ ಕೆಳಗಿಟ್ಟೆ. ಅಲ್ಲಿಯೂ ಇರಲು ಬಿಡಲಾಗದೆ, ನರ್ಸನ್ನು ಕರೆದು ಕಪಾಟಿನೊಳಗೆ ಇಡಿಸಿದೆ. ಆಮೇಲೆ ನೆನಪಿನಿಂದ ಲೆಕ್ಕ ಹಾಕತೊಡಗಿದೆ. ಅಮೆರಿಕಕ್ಕೆ ಬಂದ ಮೇಲೆ ಓದಿ ಸಾಲು ಬರೆದದ್ದು ಮೂವತ್ತೊಂದು ಕಾದಂಬರಿ. ಅವುಗಳಲ್ಲಿ ಹತ್ತೊಂಬತ್ತರಲ್ಲಿ ಒಂದು ಕೂಸೋ ಒಬ್ಬ ಬಸುರಿಯೋ ಸಾಯುತ್ತಿದ್ದರು. ಅಷ್ಟು ವರ್ಷ ಓದಿದರೂ ನಾನು ಗಮನಿಸಿಯೇ ಇರಲಿಲ್ಲ. ರಾಜರ ಸಾವನ್ನಷ್ಟೇ ಎಣಿಸುತ್ತಿದ್ದೆ.

ಆಸ್ಪತ್ರೆಯಲ್ಲಿ ನಾನು ಅತ್ಯಂತ ಹೆದರುತ್ತಿದ್ದುದು ಬಚ್ಚಲುಮನೆಗೆ. ಪ್ರತಿ ಸಲವೂ ರಕ್ತ ಇದೆಯೋ ಇಲ್ಲವೋ ಎಂದು ನೋಡಬೇಕು. ನೋಡುವ ಮೊದಲು ಕಣ್ಣು ಮುಚ್ಚಿ ಐದು ಎಣಿಸುತ್ತಿದ್ದೆ. ದಿನಕ್ಕೆ ಎರಡು ಬಾರಿ ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತ ಕೇಳಿಸುತ್ತಿದ್ದರು. "ಕುದುರೆ ಓಡಿದ ಹಾಗಿದೆ ಅಲ್ಲವೇ?" ಎಂದು ನರ್ಸ್ ನಗುತ್ತಿದ್ದಳು. ಹೌದು ಎಂದು ನಾನೂ ನಗುತ್ತಿದ್ದೆ. ನಾನು ಓದಿದ ಪುಸ್ತಕಗಳಲ್ಲಿ ಕುದುರೆ ಅಷ್ಟು ಜೋರಾಗಿ ಓಡಿ ಬರುವುದು ಕೆಟ್ಟ ಸುದ್ದಿ ತರುವಾಗ ಮಾತ್ರ ಎಂದು ಅವಳಿಗೆ ಹೇಗೆ ಹೇಳಲಿ?

ಊರಿನಿಂದ ಅಮ್ಮ ಬರುವಂತಿರಲಿಲ್ಲ. ನನ್ನ ಕೋಣೆಗೆ ಬರಲು ಗಂಡ ಒಬ್ಬನಿಗೆ ಮಾತ್ರ ಅನುಮತಿ. ಏನನ್ನೂ ಓದದೆ ನಾಲ್ಕು ದಿನ ಕಳೆದೆ. ಓದದೆ ಇದ್ದರೆ ಬಚ್ಚಲುಮನೆಯ ಬಾಗಿಲನ್ನೇ ನೋಡುತ್ತಿರಬೇಕು. ಐದನೆಯ ದಿನ ಆಂಟಿಗೆ ಫೋನ್ ಮಾಡಿದೆ.

ಇಲ್ಲಿನ ಕನ್ನಡಿಗರಿಗೆಲ್ಲ ಆಂಟಿಯಾದ ಅವರು ಧಾರವಾಡದವರು. ಕ್ಯಾರಿಯಲ್ಲಿ ನಮ್ಮಿಂದ ಹತ್ತು ನಿಮಿಷದ ಡ್ರೈವ್. ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗ ಇಲ್ಲ, ಮೂರು ಗೋಡೆಗೂ ಕನ್ನಡ ಪುಸ್ತಕಗಳು. ಇಲ್ಲಿಂದ ಯಾರೇ ಊರಿಗೆ ಹೋದರೂ ಬರುವಾಗ ಸೂಟ್‌ಕೇಸಿನಲ್ಲಿ ಆ ಗ್ಯಾರೇಜಿಗೆಂದು ಒಂದು ಪುಸ್ತಕ ತರಬೇಕು ಎಂಬುದು ನಮ್ಮವರಲ್ಲಿ ಬೆಳೆದು ಬಂದ ಪದ್ಧತಿ. ಕೋವಿಡ್ ಬಂದ ಮೇಲೆ ಯಾರೂ ಹೋಗಲಿಲ್ಲ, ಪುಸ್ತಕವೂ ಬರಲಿಲ್ಲ. ಇದ್ದವೇ ಮನೆಯಿಂದ ಮನೆಗೆ ತಿರುಗುತ್ತಿದ್ದವು. ವಾಪಸು ಬಂದದ್ದನ್ನು ಆಂಟಿ ಮೂರು ದಿನ ಅಂಗಳದ ಬಿಸಿಲಿನಲ್ಲಿಟ್ಟು ಒಳಗೆ ತೆಗೆದುಕೊಳ್ಳುತ್ತಿದ್ದರು, ಹಪ್ಪಳದಂತೆ.

"ಆಂಟಿ, ಮಗು ಸಾಯದೇ ಇರೋ ಐತಿಹಾಸಿಕ ಕಾದಂಬರಿ ಯಾವುದಾದ್ರೂ ಇದೆಯಾ?"

"ರಾಜರ ಕತಿಯೊಳಗ?" ಆಂಟಿ ನಕ್ಕರು. "ಅಡಿಗಿ ಪುಸ್ತಕ ಓದವಾ ತಂಗಿ. ಅದ್ರಾಗ ಬದನಿಕಾಯಿ ಒಂದ ಸಾಯೂದು."

ನನಗೆ ನಗು ಬರಲಿಲ್ಲ. ಅಳು ಬಂತು.

"ಅಳಬ್ಯಾಡ. ಬಸುರಿ ಅಳಬಾರದು. ನಾ ಮೊದಲ ಓದಿ ನೋಡ್ತೀನಿ, ಆಮ್ಯಾಲೆ ಕಳಸ್ತೀನಿ. ರಾಜಾಗ ಅಡಿಗಿ ಭಟ್ಟ ಮೊದಲ ಉಂಡ ನೋಡ್ತಿದ್ನಲಾ, ಹಂಗ."

ಎರಡು ದಿನ ಬಿಟ್ಟು ಗಂಡ ಒಂದು ಪುಸ್ತಕ ತಂದ. ಚಾಲುಕ್ಯರ ಕಾಲದ್ದು. ನಡುವೆ ಒಂದು ಕಡೆ ಏಳೆಂಟು ಹಾಳೆಗಳನ್ನು ಒಟ್ಟಿಗೆ ಸೇರಿಸಿ ಕೆಂಪು ದಾರದಿಂದ ಹೊಲಿದಿತ್ತು. ರವಿಕೆಗೆ ಹೆಮ್ಮಿಂಗ್ ಹಾಕುವ ಸಣ್ಣ ಹೊಲಿಗೆ. ಪಕ್ಕದಲ್ಲಿ ಪೆನ್ಸಿಲಿನಿಂದ ಆಂಟಿಯ ಅಕ್ಷರ: 'ಇಲ್ಲಿ ಬಿಚ್ಚಬ್ಯಾಡ. ಕತಿ ಮುಂದ ತಿಳೀತದ.'

"ಆಂಟಿ ಸೆನ್ಸಾರ್ ಬೋರ್ಡ್ ಓಪನ್ ಮಾಡಿದಾರೆ," ಎಂದ ಗಂಡ.

ಮೂರು ವಾರದಲ್ಲಿ ಹಾಗೆ ನಾಲ್ಕು ಪುಸ್ತಕ ಬಂದವು. ಕತೆ ನಿಜಕ್ಕೂ ಮುಂದೆ ತಿಳಿಯುತ್ತಿತ್ತು. ಆದರೆ ಹೊಲಿದ ಹಾಳೆಗಳ ಹತ್ತಿರ ಬರುತ್ತಿದ್ದಂತೆ ಓದು ನಿಲ್ಲಿಸುತ್ತಿದ್ದೆ. ದಪ್ಪವನ್ನು ಬೆರಳಿನಿಂದ ಅಳೆಯುತ್ತಿದ್ದೆ. ಎಂಟು ಹಾಳೆ ಎಂದರೆ ತಾಯಿ ಮಗು ಇಬ್ಬರೂ ಸತ್ತಿರಬೇಕು, ಎರಡೇ ಆದರೆ ಬರೀ ಕೂಸು. ಒಮ್ಮೆ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗಿನ ಅಕ್ಷರ ಓದಲು ನೋಡಿದೆ. ನೆರಳಿನ ಮೇಲೆ ನೆರಳು ಬಿದ್ದು ಒಂದೂ ತಿಳಿಯಲಿಲ್ಲ. ಓದಿದ ಸಾವಿಗಿಂತ ಹೊಲಿದಿಟ್ಟ ಸಾವು ದೊಡ್ಡದಾಗಿ ಕಾಣುತ್ತಿತ್ತು. ಇಷ್ಟು ಕಷ್ಟಪಟ್ಟು ಹೊಲಿದವರಿಗೆ ಅದನ್ನು ಹೇಳುವುದು ಹೇಗೆಂದು ಸುಮ್ಮನಿದ್ದೆ.

ಯುಗಾದಿಯ ದಿನ, ಏಪ್ರಿಲ್ ೧೩ರಂದು, ಗಂಡ ಹೋಳಿಗೆಯ ಡಬ್ಬಿಯ ಜೊತೆ ಒಂದು ಕಟ್ಟು ತಂದ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ, ಗೋಣಿ ಹೊಲಿಯುವ ದಾರದಲ್ಲಿ ಹೊಲಿದ ಒಂದು ಪುಸ್ತಕ. ಪುಸ್ತಕ ಎಂದರೆ ಅಚ್ಚಾದ ಪುಸ್ತಕವಲ್ಲ. ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿಯನ್ನು ವಾರವಾರ ಕತ್ತರಿಸಿ, ಒಟ್ಟುಗೂಡಿಸಿ, ಆಂಟಿಯ ತಾಯಿ ಮನೆಯಲ್ಲೇ ಹೊಲಿದದ್ದು. ನಮ್ಮ ಅಜ್ಜಿಯ ಮನೆಯಲ್ಲೂ ಅಂಥ ಕಟ್ಟುಗಳಿದ್ದವು. ಇದಕ್ಕೆ ಹೆಸರಿನ ಪುಟ ಇರಲಿಲ್ಲ. ಮೊದಲ ಕಂತೂ ಇರಲಿಲ್ಲ, ಕತೆ ಎರಡನೆಯ ವಾರದಿಂದ ಶುರು. ಪ್ರತಿ ಕಂತಿನ ತಲೆಯ ಮೇಲಿದ್ದ ಹೆಸರು, ಲೇಖಕರ ಹೆಸರನ್ನು ಜಾಗ ಉಳಿಸಲು ಕತ್ತರಿಯಿಂದ ತೆಗೆದಿದ್ದರು.

"ಇದಕ್ಕ ಹೊಲಿಗಿ ಹಾಕಿಲ್ಲ," ಎಂದರು ಆಂಟಿ ಫೋನಿನಲ್ಲಿ. "ಇದನ್ನ ನಾ ಸಣ್ಣಾಕಿದ್ದಾಗ ಕೇಳೀನಿ. ಸಂಜಿ ಮುಂದ ಅವ್ವ ಕಟ್ಟಿ ಮ್ಯಾಲೆ ಕುಂತು ಓದ್ತಿದ್ಲು, ಓಣಿ ಹೆಣ್ಣಮಕ್ಕಳೆಲ್ಲಾ ಬರ್ತಿದ್ರು. ಇದ್ರಾಗ ಯಾರೂ ಸಾಯಂಗಿಲ್ಲ. ಧೈರ್ಯಾಗಿ ಓದು."

ಧೈರ್ಯವಾಗಿ ಓದಿದೆ. ಬಯಲುಸೀಮೆಯ ಒಂದು ಸಣ್ಣ ಕೋಟೆ. ಅದರ ಪಾಳೆಯಗಾರ ದೂರದ ಯುದ್ಧಕ್ಕೆ ಹೋಗಿದ್ದಾನೆ. ಅವನ ಹೆಂಡತಿ ತುಂಬು ಬಸುರಿ. ಹೆದರುವವಳು, ಲೆಕ್ಕ ಇಡುವವಳು; ಕೋಟೆಯಲ್ಲಿ ಎಷ್ಟು ಚೀಲ ಜೋಳ ಇದೆ, ಬಾವಿಯಲ್ಲಿ ಎಷ್ಟು ಮೊಳ ನೀರಿದೆ ಎಂದು ಗೋಡೆಯ ಮೇಲೆ ಗೀಟು ಹಾಕುತ್ತಾಳೆ. ನನಗೆ ಅವಳು ಮೊದಲ ಪುಟದಿಂದಲೇ ಹತ್ತಿರದವಳಾದಳು. ದಿನಕ್ಕೆ ಎರಡು ಕಂತಿನಂತೆ ಓದಿದೆ. ವೈರಿಗಳು ಕೋಟೆಯನ್ನು ಸುತ್ತುವರಿದರು. ಬಾಗಿಲು ಮುರಿಯುವ ಹೊತ್ತಿಗೆ ಸೂಲಗಿತ್ತಿ ಅವಳನ್ನು ಹಗೇವಿಗೆ ಇಳಿಸಿದಳು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಚಿಕ್ಕದು, ಒಳಗೆ ಕತ್ತಲೆ, ಗಾಳಿ ಕಡಿಮೆ. ಮೇಲೆ ಕಲ್ಲು ಮುಚ್ಚಿ ಮಣ್ಣು ಎಳೆದರು. ವೈರಿಯ ಕುದುರೆಗಳು ಆ ಕಲ್ಲಿನ ಮೇಲೆಯೇ ಓಡಾಡಿದವು. ಒಳಗೆ ಅವಳಿಗೆ ನೋವು ಶುರುವಾಯಿತು. ಸೂಲಗಿತ್ತಿ ಅವಳ ಬಾಯಿಗೆ ಸೆರಗು ತುರುಕಿ, ಕಿವಿಯಲ್ಲಿ ಹೇಳಿದಳು: ಕೂಗಬೇಡ ತಾಯಿ, ಕೂಸೂ ಕೂಗಬಾರದು.

ಅಲ್ಲಿಗೆ ಕಟ್ಟು ಮುಗಿದಿತ್ತು. ಕೆಳಗೆ 'ಮುಂದಿನ ವಾರಕ್ಕೆ' ಎಂದಿತ್ತು. ಮುಂದಿನ ವಾರ ಇರಲಿಲ್ಲ.

ಹೊಲಿಗೆಯನ್ನು ಅಗಲಿಸಿ ನೋಡಿದೆ. ದಾರಕ್ಕೆ ಕಚ್ಚಿಕೊಂಡು ಕಾಗದದ ಸಣ್ಣ ಅಂಚುಗಳು ಉಳಿದಿದ್ದವು. ಮುಂದಿನ ಕಂತುಗಳೂ ಇದ್ದವು, ಹೊಲಿದ ಮೇಲೆ ಯಾರೋ ಹರಿದಿದ್ದಾರೆ. ಇದು ಏಪ್ರಿಲ್ ೨೧, ಬುಧವಾರ ಸಂಜೆ.

ಮರುದಿನ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಐದು ಎಣಿಸಿ ಕಣ್ಣು ತೆರೆದಾಗ ಎಲ್ಲೆಲ್ಲೂ ಕೆಂಪು. ನರ್ಸನ್ನು ಕರೆಯುವ ಗುಂಡಿ ಒತ್ತಿದೆ. ಆರೇಳು ಜನ ಓಡಿ ಬಂದರು. ಮಂಚವನ್ನು ತಳ್ಳಿಕೊಂಡು ಓಡುವಾಗ ಛಾವಣಿಯ ದೀಪಗಳು ಹಿಂದೆ ಹೋಗುತ್ತಿದ್ದವು. ಸೊಂಟದ ಕೆಳಗೆ ಮರಗಟ್ಟಿಸಿ, ಎದೆಯ ಮುಂದೆ ನೀಲಿ ಪರದೆ ಕಟ್ಟಿದರು. ಹಿಂದಿನ ರಾತ್ರಿ ನನ್ನ ಕೋಣೆಯಲ್ಲೇ ಉಳಿದಿದ್ದ ಗಂಡ ತಲೆಯ ಬಳಿ ಕೂತು ಕೈ ಹಿಡಿದಿದ್ದ. ಏನೋ ಎಳೆದಂತಾಯಿತು. ಮಗುವನ್ನು ತೆಗೆದರೆಂದು ಯಾರೋ ಹೇಳಿದರು. ಮಗು ಅಳಲಿಲ್ಲ. ಪರದೆಯ ಆಚೆ ಎಲ್ಲರೂ ಒಮ್ಮೆಲೇ ಮೆಲ್ಲಗೆ ಮಾತಾಡತೊಡಗಿದರು. ನಾನು ನನ್ನ ಮೇಲೆ ಕಲ್ಲು ಮುಚ್ಚಿದೆ ಎಂದುಕೊಂಡೆ. ಕೂಗು, ಕೂಗು ಎಂದು ಹೇಳಲು ಹೋದೆ, ಬಾಯಿ ಒಣಗಿ ದನಿ ಬರಲಿಲ್ಲ.

ಆಮೇಲೆ ಬೆಕ್ಕಿನ ಮರಿಯಂಥ ಒಂದು ಸದ್ದು ಕೇಳಿತು.

ಹೆಣ್ಣು ಮಗು. ಎರಡು ಕಿಲೋಗೂ ಕಡಿಮೆ. ಹಸುಗೂಸುಗಳ ಐಸಿಯುಗೆ ಒಯ್ದರು. ಗಾಜಿನ ಪೆಟ್ಟಿಗೆಯೊಳಗೆ ಅವಳು, ಮೂಗಿಗೆ ಕೊಳವೆ, ಎದೆಗೆ ಮೂರು ತಂತಿ, ಮೇಲೆ ಸಂಖ್ಯೆಗಳು ಓಡುವ ಪರದೆ. ಇಷ್ಟು ಬೇಗ ಹುಟ್ಟಿದ ಮಕ್ಕಳು ಕೆಲವೊಮ್ಮೆ ಉಸಿರಾಡುವುದನ್ನು ಮರೆಯುತ್ತವೆ, ಆಗ ಅಲಾರಂ ಬಡಿಯುತ್ತದೆ, ನಾವು ಬೆನ್ನು ತಿಕ್ಕಿ ನೆನಪು ಮಾಡುತ್ತೇವೆ ಎಂದು ನರ್ಸ್ ತೀರಾ ಸಹಜವಾಗಿ ಹೇಳಿದಳು. ಒಂದೂ ಅಲಾರಂ ಇಲ್ಲದೆ ಐದು ದಿನ ಕಳೆದರೆ ಮನೆಗೆ.

ಅವಳೇ ಇನ್ನೊಂದು ಮಾತು ಹೇಳಿದಳು: ಏನಾದರೂ ಗಟ್ಟಿಯಾಗಿ ಓದು, ಮಗುವಿಗೆ ನಿನ್ನ ದನಿ ಬೇಕು, ಪುಸ್ತಕ ಯಾವುದಾದರೂ ಸರಿ.

ಯಾವುದಾದರೂ ಸರಿ ಎಂಬ ಮಾತನ್ನು ನನ್ನಂಥವಳಿಗೆ ಹೇಳಬಾರದು. ಒಂದು ದಿನವಿಡೀ ಯೋಚಿಸಿದೆ. ಹೊಲಿದ ಹಾಳೆಗಳಿರುವ ಪುಸ್ತಕವನ್ನು ಅವಳ ಪೆಟ್ಟಿಗೆಯ ಬಳಿಗೆ ತರಲು ಮನಸ್ಸಾಗಲಿಲ್ಲ. ಉಳಿದದ್ದು ಆ ಕಟ್ಟು. ಕೊನೆಯ ಕಂತಿಗೆ ಮೊದಲೇ ಮನೆಗೆ ಹೋಗುತ್ತೇವೆ ಎಂದು ಲೆಕ್ಕ ಹಾಕಿ, ಮೊದಲಿನಿಂದ ದಿನಕ್ಕೊಂದು ಕಂತು ಓದತೊಡಗಿದೆ. ಕಂತುಗಳು ಹದಿನಾರು. ಆದರೆ ಮೂರು ದಿನಕ್ಕೋ ನಾಲ್ಕು ದಿನಕ್ಕೋ ಒಮ್ಮೆ ಅಲಾರಂ ಬಡಿಯುತ್ತಿತ್ತು, ಲೆಕ್ಕ ಮತ್ತೆ ಸೊನ್ನೆಗೆ ಬರುತ್ತಿತ್ತು. ಕತೆ ಮಾತ್ರ ನಿಲ್ಲದೆ ಹಗೇವಿನ ಕಡೆಗೆ ನಡೆಯುತ್ತಿತ್ತು.

ಮೇ ೯ರಂದು ಕೊನೆಯ ಕಂತು ಬಂತು. ಓದಲೋ ಬೇಡವೋ ಎಂದುಕೊಳ್ಳುತ್ತಲೇ ಶುರು ಮಾಡಿದೆ. ಕಲ್ಲು ಮುಚ್ಚಿದರು ಎಂಬಲ್ಲಿಗೆ ಬಂದಾಗ ಅಲಾರಂ ಹೊಡೆಯಿತು. ಪರದೆಯ ಸಂಖ್ಯೆ ಇಳಿಯುತ್ತಿತ್ತು. ಮಗುವಿನ ತುಟಿಯ ಸುತ್ತ ಬೂದಿಯ ಬಣ್ಣ. ನರ್ಸ್ ಬಂದು ಕೈ ಹಾಕಿ ಬೆನ್ನು ತಿಕ್ಕಿದಳು, ತಿಕ್ಕುತ್ತಲೇ ಇದ್ದಳು. ಎಷ್ಟು ಹೊತ್ತೋ ಗೊತ್ತಿಲ್ಲ. ಅದೊಂದನ್ನು ನಾನು ಎಣಿಸಲಿಲ್ಲ. ಮಗು ಒಮ್ಮೆ ಬೆಚ್ಚಿ ಉಸಿರೆಳೆದುಕೊಂಡಿತು.

ಹೊರಗೆ ಕಾರಿಡಾರಿಗೆ ಬಂದು ಆಂಟಿಗೆ ಫೋನ್ ಮಾಡಿ ಕಿರುಚಿದೆ. "ಯಾರೂ ಸಾಯಲ್ಲ ಅಂದ್ರಲ್ಲ ಆಂಟಿ! ನಿಮಗೇನು ಗೊತ್ತು? ಮುಂದಿನದನ್ನ ಹರಿದುಹಾಕಿದಾರೆ. ಆ ಕೂಸು ಸತ್ತಿದೆ, ಅದಕ್ಕೇ ಹರಿದಿದಾರೆ!"

ಆಂಟಿ ಗದರಲಿಲ್ಲ. "ಹರದಾರ? ಹರದದ್ದು ನನಗ ಗೊತ್ತ ಇಲ್ಲ ತಂಗಿ. ಕತಿ ಅಲ್ಲಿಗೆ ಮುಗೀತು ಅಂತ ಅವ್ವ ಅಂದಿದ್ಲು, ನಾ ನಂಬಿದ್ದೆ." ನೆನಪು ಮಾಡಿಕೊಂಡು ಹೇಳಿದರು, "ಆ ವರ್ಷ ನಮ್ಮ ಕಾಕು ಬಸುರಿ ಇದ್ಲು. ಅಪ್ಪನ ತಮ್ಮನ ಹೆಂಡತಿ. ಎರಡು ಕೂಸು ಕಳಕೊಂಡಿದ್ಲು ಪಾಪ. ಆಕಿನೂ ಕಟ್ಟಿ ಮ್ಯಾಲೆ ಕುಂತು ಕೇಳ್ತಿದ್ಲು. ಅವ್ವನ ಹರದಿರಬೇಕು."

"ಆಮೇಲೆ? ನಿಮ್ಮ ಕಾಕುಗೆ ಏನಾಯ್ತು?"

"ಗಂಡಮಗ ಹುಟ್ಟಿದ. ಈಗ ಅವಗ ಬಕ್ಕತಲಿ ಆಗೇದ." ನನಗೆ ಅಳುವಿನ ನಡುವೆ ನಗು ಬಂತು. ಆಂಟಿ ಮುಂದುವರಿಸಿದರು, "ಆದ್ರ ಕಾಕು ಹಡಿಯೂ ತನಕ ಕೇಳ್ತಿದ್ಲು, ಆ ರಾಣಿಗೆ ಏನಾತು, ಏನಾತು ಅಂತ. ಅವ್ವ ಹೇಳಲೇ ಇಲ್ಲ. ಕಾಕು ರಾತ್ರಿ ಬೆವತು ಎದ್ದು ಕುಂದರ್ತಿದ್ಲಂತ." ಆಮೇಲೆ ಕೇಳಿದರು, "ನಾನೂ ದಾರ ಹಾಕಿ ಕಳಿಸಿದ್ನಲ್ಲ. ನಿನಗೂ ಹಂಗ ಆತೇನು?"

"ಆಯ್ತು ಆಂಟಿ."

"ಹೇಳಬೇಕಿಲ್ಲೇನ ಹುಚ್ಚಿ!"

ಮರುದಿನ ಬೆಳಿಗ್ಗೆ ಮುಂದೆ ಏನು ಓದುವುದು ಎಂದು ಮತ್ತೆ ಕೇಳಿಕೊಂಡೆ. ಆ ಕಂತನ್ನು ಅಲ್ಲಿಗೇ ಬಿಟ್ಟರೆ ಕಾಕುವಿನ ಹಾಗೆ ನಾನೂ ರಾತ್ರಿ ಎದ್ದು ಕೂರಬೇಕು. ಗಂಡ ಕಟ್ಟನ್ನು ನೋಡಿದ, ನನ್ನನ್ನು ನೋಡಿದ. "ಅದೇನಾ? ಮತ್ತೆ ಅದೇನಾ?" ಎಂದ. "ಕೊನೇದನ್ನ ನೀನೇ ಬರೆದುಬಿಡು. ಬೇಬಿ ಚೆನ್ನಾಗಿದೆ ಅಂತ ಬರಿ, ಆಯ್ತು."

"ನಾನು ಬರೆದ್ರೆ ಅದು ಆದ ಹಾಗಲ್ಲ," ಎಂದೆ.

ಅರ್ಧಕ್ಕೆ ನಿಂತ ಕಂತನ್ನು ಮೊದಲಿನಿಂದ ಓದಿದೆ. ಪ್ರತಿ ಸಾಲಿಗೂ ಪರದೆಯ ಕಡೆ ನೋಡುತ್ತಿದ್ದೆ. ಕಲ್ಲು ಮುಚ್ಚಿದರು. ಸಂಖ್ಯೆ ಇಳಿಯಲಿಲ್ಲ. ಕುದುರೆಗಳು ಓಡಾಡಿದವು. ಇಳಿಯಲಿಲ್ಲ. ನನ್ನ ಅಂಗೈ ಬೆವರಿನಲ್ಲಿ ಕಾಗದ ಒದ್ದೆಯಾಗಿತ್ತು. 'ಮುಂದಿನ ವಾರಕ್ಕೆ' ಎಂಬುದನ್ನೂ ಓದಿದೆ. ಮಗು ಬಾಯಿ ಅರ್ಧ ತೆರೆದು ನಿದ್ದೆ ಮಾಡುತ್ತಿತ್ತು. ಇಂಗ್ಲಿಷಿನಲ್ಲಿ ಕತೆಯ ಸಾರಾಂಶ ಕೇಳಿ ತಿಳಿದಿದ್ದ ನರ್ಸ್, ರಾಣಿ ಹೊರಗೆ ಬಂದಳೇ ಎಂದು ವಿಚಾರಿಸಿದಳು. ಇನ್ನೂ ಇಲ್ಲ ಎಂದೆ.

ಆಮೇಲೆ ಅಲಾರಂ ಬಡಿಯಲಿಲ್ಲ. ಮೇ ೧೪, ಶುಕ್ರವಾರ ಮನೆಗೆ ಬಂದೆವು. ಎಷ್ಟೋ ರಾತ್ರಿ ಅವಳ ಮೂಗಿನ ಬಳಿ ಬೆರಳು ಹಿಡಿದು ಕೂತಿದ್ದೇನೆ. ಆ ಅಭ್ಯಾಸ ಈಗಲೂ ಪೂರ್ತಿ ಹೋಗಿಲ್ಲ.

ಈಗ ಅವಳಿಗೆ ನಾಲ್ಕು ವರ್ಷ. ಊರಿಗೆ ಹೋಗಿ ಬರುವವರು ಮತ್ತೆ ಪುಸ್ತಕ ತರುತ್ತಿದ್ದಾರೆ. ಆಂಟಿ ಹಾಳೆ ಹೊಲಿಯುವುದನ್ನು ಬಿಟ್ಟು, 'ಇಲ್ಲಿ ಸ್ವಲ್ಪ ಕಷ್ಟ ಅದ, ನೀರು ಕುಡದು ಓದು' ಎಂದು ಪೆನ್ಸಿಲಿನಲ್ಲಿ ಬರೆಯುತ್ತಾರೆ. ನನ್ನ ಓದಿನ ಪಟ್ಟಿ ಐವತ್ತು ದಾಟಿದೆ. ಅದರಲ್ಲಿ ಒಂದು ಸಾಲಿಗೆ ಮಾತ್ರ ಮುಗಿಸಿದ ದಿನಾಂಕ ಇಲ್ಲ. ಮಗಳಿಗೆ ಆ ಕತೆಯನ್ನು ಹಗೇವಿನವರೆಗೆ ಬಾಯಲ್ಲಿ ಹೇಳುತ್ತೇನೆ. ಪ್ರತಿ ಸಲವೂ ಅವಳು, "ಆಮೇಲೆ ಬೇಬಿ ಓಕೆ ಆಯ್ತಾ, ಅಮ್ಮ?" ಎನ್ನುತ್ತಾಳೆ. ಗೊತ್ತಿಲ್ಲ ಕಂದ ಎಂದರೆ, "ಸಮ್‌ಬಡಿ ನೋಸ್," ಎನ್ನುತ್ತಾಳೆ, ಗದರಿಸುವ ದನಿಯಲ್ಲಿ.

ಅದಕ್ಕೇ ಇದನ್ನು ಬರೆದಿದ್ದೇನೆ. ಆಂಟಿಯ ಅಂದಾಜಿನಂತೆ ಅದು ಅವರು ಮೂರನೆಯ ತರಗತಿಯಲ್ಲಿದ್ದಾಗ, ಅರವತ್ತರ ದಶಕದ ಕೊನೆಯಲ್ಲಿ ಬಂದ ಧಾರಾವಾಹಿ. ಒಂದು ಕಂತಿನಲ್ಲಿ ರಾಣಿ ಗೋಡೆಗೆ ಗೀಟು ಎಳೆಯುತ್ತಿರುವ ಚಿತ್ರವಿದೆ, ಅವಳ ಬಲಗೈಯಲ್ಲಿ ಇದ್ದಿಲ ತುಂಡು. ಸೂಲಗಿತ್ತಿಗೆ ಒಂದು ಕಣ್ಣು ಕಾಣುವುದಿಲ್ಲ. ನಿಮ್ಮ ಮನೆಯ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಆ ಕಂತುಗಳಿದ್ದರೆ, ಅಥವಾ ಕಟ್ಟೆಯ ಮೇಲೆ ಕೂತು ಅದನ್ನು ಕೊನೆಯವರೆಗೆ ಕೇಳಿದವರು ಯಾರಾದರೂ ಇದ್ದರೆ, ದಯವಿಟ್ಟು ಈ ಬರಹ ಅಚ್ಚಾದ ಪುಸ್ತಕದ ಪ್ರಕಾಶಕರ ಮೂಲಕ ನನಗೆ ಬರೆಯಿರಿ. ಕೂಸು ಉಳಿಯಲಿಲ್ಲ ಎಂದಾದರೂ ಬರೆಯಿರಿ. ನಿಮ್ಮ ಪತ್ರ ಒಡೆಯುವ ಮೊದಲು ಕಣ್ಣು ಮುಚ್ಚಿ ಐದು ಎಣಿಸುತ್ತೇನೆ, ಅದು ನನಗೆ ಗೊತ್ತು. ಆದರೂ ಒಂದೂ ಹಾಳೆಯನ್ನು ತೆಗೆಯದೆ, ಎಲ್ಲವನ್ನೂ ಕಳಿಸಿ.